ಕಾಲಿನ ನಾಡಿ

ಕೈಯ ನಾಡಿಯನ್ನು ಹಿಡಿದು ನೋಡುವುದು ನಮ್ಮ ಜನಕ್ಕೆ ಬಹುಕಾಲದಿಂದ ಪರಿಚಿತವಾದ ಪದ್ಧತಿ. ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ, ಜೀವ ಸೋತು ಬಂದರೆ, ಹಿರಿಯರು ಮೊದಲು ಮಣಿಕಟ್ಟಿನ ಮೇಲೆ ಬೆರಳಿಡುತ್ತಾರೆ. ಕಾಲಿಗೂ ನಾಡಿಯುಂಟು, ಒಂದೊಂದು ಕಾಲಿಗೆ ನಾಲ್ಕು ಸ್ಥಳಗಳಲ್ಲಿ ಅದು ಬೆರಳಿಗೆ ಸಿಕ್ಕುತ್ತದೆ ಎಂಬ ಸಂಗತಿ ಮಾತ್ರ ಓದುಬರಹ ಬಲ್ಲ ಗೃಹಸ್ಥರಲ್ಲಿಯೂ ಅನೇಕರಿಗೆ ತಿಳಿಯದು. ಕಾಲು ದಿನವೆಲ್ಲ ದುಡಿಯುವ ಅಂಗ. ದುಡಿಯುವವರ ಯೋಗಕ್ಷೇಮವನ್ನು ನಾವು ವಿಚಾರಿಸುವುದು ಅವರು ಕುಸಿದು ಬಿದ್ದಮೇಲೆಯೇ ಅಲ್ಲವೆ? ಕಾಲಿನ ಗತಿಯೂ ಅದೇ ಆಗಿದೆ.

ಮಲೆನಾಡಿನಲ್ಲಿ ಈ ಮಾತು ಇನ್ನಷ್ಟು ನಿಜ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಬಾಳುವೆಯೆಲ್ಲ ಕಾಲಿನ ಬಲದ ಮೇಲೆ ನಿಂತಿದೆ. ಮನೆ ದಿಬ್ಬದಲ್ಲಿ, ತೋಟ ಕಣಿವೆಯಲ್ಲಿ. ಗದ್ದೆ ಒಂದು ಮಗ್ಗುಲಿಗೆ, ಸೊಪ್ಪಿನಬೆಟ್ಟ ಇನ್ನೊಂದು ಮಗ್ಗುಲಿಗೆ. ನೆರೆಮನೆಯೆಂದರೆ ಒಂದು ಗುಡ್ಡವನ್ನು ಹತ್ತಿ ಇಳಿದು, ಹಳ್ಳದ ಮೇಲಿನ ಸಂಕವನ್ನು ದಾಟಿ ಹೋಗತಕ್ಕ ದೂರ. ಆಗುಂಬೆಯ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಆ ತಿಂಗಳುಗಳಲ್ಲಿ ತೋಟದವರ ಪಾದ ಒಣಗುವುದೇ ಅಪರೂಪ. ಕೆಸರು, ಮುಳ್ಳು, ಉಂಬಳ, ಬೆರಳುಸಂದಿಯ ಕೊಳೆ ಇವೆಲ್ಲವನ್ನೂ ಸಹಿಸಿಕೊಂಡು ಕಾಲು ನಡೆಯುತ್ತಲೇ ಇರಬೇಕು. ಹೀಗಿರಲು ಒಬ್ಬರಿಗೆ ನಡೆಯುವುದು ಕಷ್ಟವಾಯಿತೆಂದರೆ ಅದು ಒಂದು ಅಂಗದ ತೊಂದರೆ ಮಾತ್ರವಲ್ಲ. ತೋಟ, ಪೇಟೆ, ನಂಟರ ಮನೆ, ದೇವಸ್ಥಾನ ಎಲ್ಲವೂ ಒಮ್ಮೆಗೇ ದೂರವಾದಂತೆ.

ಕಾಲುನೋವಿಗೆ ನಮ್ಮ ಮನೆಗಳಲ್ಲಿ ಹೆಸರುಗಳಿಗೇನೂ ಬರವಿಲ್ಲ. ವಾತವೆನ್ನುವರು, ಶೀತವೆನ್ನುವರು, ನರ ಹಿಡಿದಿದೆಯೆನ್ನುವರು. ಏನೂ ತೋಚದಿದ್ದರೆ ವಯಸ್ಸಾಯಿತು ಎಂದು ಮುಗಿಸುವರು. ಸಾಗರದ ಕಡೆಯ ಕೆಲವು ಕೇರಿಗಳಲ್ಲಿ ಇವೆಲ್ಲಕ್ಕಿಂತ ಭಯಂಕರವಾದ ಇನ್ನೊಂದು ಹೆಸರಿದೆ: ಹಂದಿಗೋಡು ಕಾಯಿಲೆ. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಗ್ರಾಮದಲ್ಲಿ 1970ರ ದಶಕದ ನಡುಭಾಗದಲ್ಲಿ ಬೆಳಕಿಗೆ ಬಂದುದರಿಂದ ಅದಕ್ಕೆ ಆ ಹೆಸರು ಅಂಟಿಕೊಂಡಿತು. ಅದು ಕೀಲುಗಳ ರೋಗ. ಸೊಂಟದ ಕೀಲು, ಬೆನ್ನುಮೂಳೆ, ಮೊಣಕಾಲು ಇವು ಸವೆದು ಡೊಂಕಾಗಿ, ದುಡಿಯತಕ್ಕ ವಯಸ್ಸಿನವರೇ ಕುಂಟುವಂತಾಗುವುದು ಅದರ ಲಕ್ಷಣ. ಈ ಮೂರು ತಾಲ್ಲೂಕುಗಳಲ್ಲಿಯೂ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೆಲವು ಊರುಗಳಲ್ಲಿಯೂ ಬಡ ಕೂಲಿಗಾರರ ಮನೆತನಗಳು ಅದರಿಂದ ನೊಂದಿವೆ. ಗದ್ದೆಯ ಏಡಿ ಮೀನುಗಳನ್ನು ತಿಂದುದರಿಂದ, ಪೈರಿಗೆ ಸಿಂಪಡಿಸಿದ ವಿಷದಿಂದ ಅದು ಬಂದಿತೆಂದು ಮೊದಮೊದಲು ಜನ ಶಂಕಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ಪರೀಕ್ಷಿಸಿದರು. ಅದು ವಂಶವಾಹಿಯ ಮೂಲಕ ತಂದೆತಾಯಿಗಳಿಂದ ಮಕ್ಕಳಿಗೆ ಇಳಿಯುವ ಮೂಳೆಯ ದೋಷವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಅದು ಅಂಟುರೋಗವಲ್ಲ, ರೋಗಿಯೊಡನೆ ಕುಳಿತು ಉಂಡರೆ ಬರುವುದಿಲ್ಲ. ಇಷ್ಟನ್ನು ಹೇಳಲು ಕಾರಣವುಂಟು. ಒಂದು ರೋಗ ಒಂದು ಸೀಮೆಯಲ್ಲಿ ಪ್ರಸಿದ್ಧವಾಯಿತೆಂದರೆ, ಆ ಬಳಿಕ ಅಲ್ಲಿ ಕುಂಟುವವರೆಲ್ಲರಿಗೂ ಅದೇ ಹೆಸರು ಸಿದ್ಧವಾಗಿ ಕಾದಿರುತ್ತದೆ. ಕಾಲನ್ನು ಮುಟ್ಟಿ ನೋಡುವ ಮುನ್ನವೇ ರೋಗನಿರ್ಣಯ ಮುಗಿದುಹೋಗುತ್ತದೆ.

ಕೀಲಿನದೂ ಅಲ್ಲದ, ನರದ್ದೂ ಅಲ್ಲದ ಇನ್ನೊಂದು ಕಾರಣವಿದೆ. ಅದು ಕಾಲಿಗೆ ಶುದ್ಧರಕ್ತವನ್ನು ಒಯ್ಯುವ ಧಮನಿಗಳು ಒಳಗೇ ಕಟ್ಟಿಕೊಂಡು ಕಿರಿದಾಗುವುದು. ಮಲೆನಾಡಿನವರಿಗೆ ಇದನ್ನು ತಿಳಿಸುವುದು ಸುಲಭ. ಗುಡ್ಡದ ಬುಡದ ಒರತೆಯಿಂದ ಅಡಿಕೆ ಮರವನ್ನು ಸೀಳಿ ಮಾಡಿದ ದೋಣಿಯಲ್ಲಿ ಬಚ್ಚಲಿಗೆ ಅಬ್ಬಿನೀರನ್ನು ತರುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ದೋಣಿಯಲ್ಲಿ ತರಗೆಲೆ ಕಟ್ಟಿಕೊಂಡರೂ ನೀರು ಸಣ್ಣಗೆ ಬರುತ್ತಲೇ ಇರುವುದರಿಂದ ಸುಮ್ಮನಿರುವಾಗ ಕೊರತೆ ತಿಳಿಯದು. ಹಬ್ಬದ ದಿನ ಹತ್ತು ಮಂದಿ ಮೀಯಲು ಹೊರಟಾಗ ಹಂಡೆ ತುಂಬದು. ಕಾಲಿನ ಮಾಂಸಖಂಡಗಳೂ ಹಾಗೆಯೇ. ಕುಳಿತಿರುವಾಗ ಅವುಗಳಿಗೆ ಬೇಕಾದುದು ಅಲ್ಪ. ನಡೆಯುವಾಗ, ಅದರಲ್ಲಿಯೂ ಏರು ಹತ್ತುವಾಗ, ಬೇಕಾದ ರಕ್ತ ಅನೇಕ ಪಾಲು ಹೆಚ್ಚು. ಅಷ್ಟು ಸಿಗದಿದ್ದಾಗ ಮೀನಖಂಡ ಹಿಂಡಿದಂತೆ ನೋಯುತ್ತದೆ. ನಳಿಕೆಯ ಅಗಲ ಅರ್ಧಕ್ಕೆ ಇಳಿದರೆ ಹರಿವು ಅರ್ಧಕ್ಕೆ ನಿಲ್ಲುವುದಿಲ್ಲ. ಒತ್ತಡ ಮೊದಲಿನಷ್ಟೇ ಇದ್ದರೆ ಅದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆಂಬುದು ಭೌತಶಾಸ್ತ್ರದ ನಿಯಮ. ದೇಹ ಅಕ್ಕಪಕ್ಕದ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಹೇಗೋ ಕೆಲವು ಕಾಲ ನಿಭಾಯಿಸುತ್ತದೆ.

ಈ ಬಗೆಯ ನೋವನ್ನು ಮೊದಲು ವಿವರಿಸಿದುದು ಮನುಷ್ಯನಲ್ಲಿ ಅಲ್ಲ, ಕುದುರೆಯಲ್ಲಿ ಎಂದರೆ ಓದುಗರಿಗೆ ಆಶ್ಚರ್ಯವಾದೀತು. 1831ರಲ್ಲಿ ಫ್ರಾನ್ಸಿನ ಬೂಲೆ ಎಂಬ ಪಶುವೈದ್ಯನು, ಓಡುತ್ತ ಓಡುತ್ತ ಕುಂಟಿ, ನಿಂತರೆ ಸರಿಹೋಗಿ, ಮತ್ತೆ ಓಡಿದರೆ ಮತ್ತೆ ಕುಂಟುವ ಒಂದು ಕುದುರೆಯ ಕಾಲಿನ ಧಮನಿ ಕಟ್ಟಿಕೊಂಡಿದ್ದುದನ್ನು ವರ್ಣಿಸಿದನು. 1858ರಲ್ಲಿ ಶಾರ್ಕೊ ಎಂಬ ಪ್ರಸಿದ್ಧ ವೈದ್ಯನು ಅದೇ ಲಕ್ಷಣವನ್ನು ಮನುಷ್ಯನಲ್ಲಿ ಗುರುತಿಸಿದನು.

ನಾನು ಈ ಪರೀಕ್ಷೆಗಳನ್ನು ಪುಸ್ತಕದಲ್ಲಿ ಓದುವುದಕ್ಕೆ ಮೊದಲು ಕಣ್ಣಾರೆ ಕಂಡುದು ನಮ್ಮ ದೊಡ್ಡಪ್ಪನವರ ಮಂಚದ ಪಕ್ಕದಲ್ಲಿ. ಅವರ ಮನೆ ಹೊಸನಗರದ ಸೀಮೆಯದು. ಎಪ್ಪತ್ತು ದಾಟಿದ್ದರೂ ದಿನಕ್ಕೆರಡು ಸಲ ತೋಟಕ್ಕೆ ಇಳಿದು ಹತ್ತುವ ಅಭ್ಯಾಸ ಅವರಿಗೆ. ಆ ವರ್ಷ ಅವರು ಹತ್ತಿಬರುವಾಗ ಹಲಸಿನ ಮರದ ಬುಡದಲ್ಲಿ ನಿಂತು ಕವಳ ಹಾಕುವ ಹೊಸ ವಾಡಿಕೆಯನ್ನು ಆರಂಭಿಸಿದ್ದರು. ಮನೆಯವರೆಲ್ಲ ಅದನ್ನು ಹಿರಿಯರ ವಿಶ್ರಾಂತಿಯೆಂದೇ ತಿಳಿದಿದ್ದರು. ತಾಲ್ಲೂಕು ಕೇಂದ್ರದಲ್ಲಿ ಬಹುಕಾಲ ಸೇವೆ ಸಲ್ಲಿಸಿ ನಿವೃತ್ತರಾಗಿದ್ದ, ಮನೆಗೆ ಸ್ನೇಹಿತರಾದ ವೈದ್ಯರೊಬ್ಬರು ಒಂದು ದಿನ ಊಟಕ್ಕೆಂದು ಬಂದವರು, ಜಗಲಿಯಲ್ಲಿ ಕುಳಿತು ಇದನ್ನು ಗಮನಿಸಿದರು.

“ಯಜಮಾನರೇ, ಆ ಹಲಸಿನ ಮರದ ಹತ್ತಿರವೇ ಏಕೆ ನಿಲ್ಲುತ್ತೀರಿ?” ಎಂದು ಕೇಳಿದರು.

“ಅಲ್ಲಿಗೆ ಬರುವಾಗ ಎಡಗಾಲು ಹಿಡಿದುಕೊಳ್ಳುತ್ತದೆ, ಡಾಕ್ಟರೇ. ಒಂದು ಕವಳ ಹಾಕುವಷ್ಟರಲ್ಲಿ ಬಿಡುತ್ತದೆ.”

“ಕುಳಿತುಕೊಳ್ಳಬೇಕೋ, ನಿಂತರೆ ಸಾಕೋ?”

“ನಿಂತರೆ ಸಾಕು.”

“ಮತ್ತೆ ಹೊರಟರೆ?”

“ಮತ್ತೆ ಅಷ್ಟೇ ದೂರಕ್ಕೆ ಹಿಡಿಯುತ್ತದೆ. ದಣಪೆಯ ಹತ್ತಿರ ಇನ್ನೊಮ್ಮೆ ನಿಲ್ಲುತ್ತೇನೆ.”

ಪರೀಕ್ಷೆಯಲ್ಲಿ ಅರ್ಧ ಭಾಗ ಇಲ್ಲಿಯೇ ಮುಗಿಯಿತೆಂದು ವೈದ್ಯರು ಆಮೇಲೆ ನನಗೆ ಹೇಳಿದರು. ಕೀಲಿನ ನೋವು ಮೊದಲ ಹೆಜ್ಜೆಯಿಂದಲೇ ಇರುತ್ತದೆ, ಒಂದು ದಿನ ಹೆಚ್ಚು ಒಂದು ದಿನ ಕಡಮೆ, ನಿಂತಮೇಲೂ ಬಹಳ ಹೊತ್ತು ಕಾಡುತ್ತದೆ. ಬೆನ್ನುಮೂಳೆಯಲ್ಲಿ ನರ ಒತ್ತಿಕೊಂಡು ಬರುವ ನೋವು ನಿಂತರೆ ಹೋಗದು. ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಹೋಗುತ್ತದೆ, ಸಾಮಾನ್ಯವಾಗಿ ಇಳಿಜಾರಿನಲ್ಲಿಯೇ ಹೆಚ್ಚು. ರಕ್ತ ಸಾಲದ ನೋವಾದರೋ ಲೆಕ್ಕವಿಟ್ಟಂತೆ ನಿಯತವಾದ ದೂರಕ್ಕೆ ಬರುತ್ತದೆ, ಏರಿನಲ್ಲಿ ಬೇಗ ಬರುತ್ತದೆ, ಸುಮ್ಮನೆ ನಿಂತರೆ ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ಮನೆಯಲ್ಲಿ ಹಿರಿಯರಿರುವವರು ಕೇಳಬೇಕಾದ ಪ್ರಶ್ನೆ “ನೋವಿದೆಯೆ?” ಎಂಬುದಲ್ಲ, “ಎಷ್ಟು ದೂರಕ್ಕೆ? ನಿಂತರೆ ಹೋಗುತ್ತದೆಯೆ? ಕಳೆದ ವರ್ಷಕ್ಕಿಂತ ದೂರ ಕಡಮೆಯಾಯಿತೆ?” ಎಂಬುದು.

ಊಟವಾದ ಮೇಲೆ ದೊಡ್ಡಪ್ಪನವರನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಎರಡು ಪಾದಗಳನ್ನೂ ಕಿಟಕಿಯ ಬೆಳಕಿಗೆ ಬರುವಂತೆ ಇಟ್ಟರು. ಮೊದಲು ಅವರು ಮುಟ್ಟಲೇ ಇಲ್ಲ, ನೋಡಿದರು. ಎಡಗಾಲಿನ ಚರ್ಮ ತೆಳುವಾಗಿ ಹೊಳೆಯುತ್ತಿದ್ದಿತು, ರೋಮಗಳು ಉದುರಿದ್ದವು, ಉಗುರುಗಳು ದಪ್ಪನಾಗಿ ಒರಟಾಗಿದ್ದವು. ಇವು ಮುಪ್ಪಿನಲ್ಲಿಯೂ ಬರುವ ಲಕ್ಷಣಗಳು. ಆದರೆ ಒಂದು ಕಾಲಿನಲ್ಲಿ ಹೆಚ್ಚು, ಮತ್ತೊಂದರಲ್ಲಿ ಕಡಮೆ ಇದ್ದರೆ ಅದಕ್ಕೆ ಅರ್ಥವುಂಟು. ಬೆರಳುಸಂದಿಗಳನ್ನು ಬಿಡಿಸಿ, ಹಿಮ್ಮಡಿಯನ್ನು ಎತ್ತಿ, ಹುಣ್ಣೇನಾದರೂ ಇದೆಯೆ ಎಂದು ಹುಡುಕಿದರು. ಧಮನಿಯ ದೋಷದ ಹುಣ್ಣು ಸಾಮಾನ್ಯವಾಗಿ ಬೆರಳತುದಿ, ಬೆರಳುಸಂದಿ, ಹಿಮ್ಮಡಿಗಳಲ್ಲಿ ಏಳುತ್ತದೆ. ಉಬ್ಬಿದ ಸಿರೆಗಳ ಹುಣ್ಣಾದರೆ ಹರಡಿನ ಒಳಮಗ್ಗುಲ ಮೇಲ್ಗಡೆ, ಸುತ್ತ ಕಪ್ಪಿಟ್ಟ ಚರ್ಮದೊಡನೆ ಕಾಣಿಸಿಕೊಳ್ಳುತ್ತದೆ.

ಅನಂತರ ತಮ್ಮ ಕೈಯ ಹಿಂಬದಿಯನ್ನು ಮೊಣಕಾಲಿನಿಂದ ಬೆರಳಿನವರೆಗೆ ಎರಡು ಕಾಲುಗಳ ಮೇಲೂ ಇಳಿಸುತ್ತ ಬಂದರು. ಶಾಖವನ್ನು ಅರಿಯಲು ಅಂಗೈಗಿಂತ ಕೈಯ ಹಿಂಬದಿ ಉತ್ತಮ. ಇಲ್ಲಿಯೂ ಎರಡು ಕಾಲುಗಳನ್ನು ಹೋಲಿಸುವುದೇ ಮುಖ್ಯ; ಮಳೆಗಾಲದ ಮುಂಜಾನೆ ಎಲ್ಲರ ಕಾಲೂ ತಣ್ಣಗಿರುತ್ತದೆ.

ಮೂರನೆಯದು ನಾಡಿ. ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಪಾದದ ಮೇಲೆ ಎದ್ದು ಕಾಣುವ ಸ್ನಾಯುವಿನ ಹುರಿಯ ಹೊರಮಗ್ಗುಲಿಗೆ, ಪಾದದ ನಡುವೆ, ಒಂದು ನಾಡಿ, ಒಳಹರಡಿನ ಗಂಟಿನ ಹಿಂದೆ, ಅದಕ್ಕೂ ಹಿಮ್ಮಡಿಗೂ ನಡುವೆ, ಇನ್ನೊಂದು, ಮೊಣಕಾಲಿನ ಹಿಂದಣ ಗುಳಿಯಲ್ಲಿ ಮೂರನೆಯದು, ತೊಡೆಸಂದಿನಲ್ಲಿ ನಾಲ್ಕನೆಯದು. ಮೊದಲಿನ ಎರಡನ್ನು ಯಾವ ಗೃಹಸ್ಥನಾದರೂ ತಾಳ್ಮೆಯಿಂದ ಕಲಿಯಬಹುದು. ಎರಡು ಮೂರು ಬೆರಳುಗಳ ತುದಿಯನ್ನು ಹಗುರವಾಗಿ ಇಡಬೇಕು. ಒತ್ತಿದರೆ ನಾಡಿ ಅಡಗಿಬಿಡುತ್ತದೆ. ಹೆಬ್ಬೆರಳನ್ನು ಉಪಯೋಗಿಸಬಾರದು, ಅದರಲ್ಲಿ ನಮ್ಮ ನಾಡಿಯೇ ಮಿಡಿದು ಮೋಸ ಮಾಡೀತು. ಸಂದೇಹವಾದರೆ ಇನ್ನೊಂದು ಕೈಯನ್ನು ರೋಗಿಯ ಮಣಿಕಟ್ಟಿನ ಮೇಲಿಟ್ಟು, ಎರಡು ಮಿಡಿತಗಳೂ ಒಂದೇ ಲಯದಲ್ಲಿವೆಯೆ ಎಂದು ನೋಡತಕ್ಕದ್ದು. ದೊಡ್ಡಪ್ಪನವರ ಬಲಪಾದದ ನಾಡಿಗಳನ್ನು ವೈದ್ಯರು ನನ್ನ ಬೆರಳಿಗೂ ಹಿಡಿಸಿದರು. ಎಡಪಾದದಲ್ಲಿ ಇಬ್ಬರಿಗೂ ಸಿಗಲಿಲ್ಲ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ವಿಸ್ಮಯವೆನಿಸಿದ ಪರೀಕ್ಷೆ. ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ ಲಿಯೋ ಬರ್ಗರ್ ಎಂಬ ವೈದ್ಯನ ಹೆಸರು ಅದಕ್ಕಿದೆ. ಮಲಗಿದವರ ಎರಡು ಕಾಲುಗಳನ್ನೂ ಮೊಣಕಾಲು ಮಡಿಸದೆ ಅರ್ಧ ಲಂಬಕ್ಕೆ, ಎಂದರೆ 45 ಅಂಶದಷ್ಟು, ಎತ್ತಿ ಒಂದೆರಡು ನಿಮಿಷ ಹಿಡಿದಿರಬೇಕು. ಆರೋಗ್ಯವಂತರ ಪಾದ ಎತ್ತಿದರೂ ಕೆಂಪಾಗಿಯೇ ಇರುತ್ತದೆ. ರಕ್ತ ಸಾಲದ ಪಾದ ಬಿಳಿಚಿಕೊಳ್ಳುತ್ತದೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಇದನ್ನು ಪಾದದ ಮೇಲ್ಭಾಗದಲ್ಲಿ ನೋಡಿದರೆ ತಿಳಿಯದು. ಅಂಗಾಲನ್ನೂ ಬೆರಳುಗಳ ಅಡಿಯನ್ನೂ ನೋಡಬೇಕು. ಬಳಿಕ ರೋಗಿಯನ್ನು ಎಬ್ಬಿಸಿ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಬೇಕು. ಒಳ್ಳೆಯ ಕಾಲಿಗೆ ಬಣ್ಣ ಬೇಗನೆ ಮರಳುತ್ತದೆ. ಕೆಟ್ಟ ಕಾಲಿಗೆ ನಿಧಾನವಾಗಿ ಬಂದು, ಬಂದಮೇಲೆ ಅತಿಯಾಗಿ ಕೆಂಪೇರಿ ಕಂದುಗೆಂಪಾಗುತ್ತದೆ. ಇದರ ಮರ್ಮ ಅಬ್ಬಿಯ ದೋಣಿಯದೇ: ಒತ್ತಡ ಕಡಮೆಯಿರುವ ನೀರು ದೋಣಿಯ ತುದಿಯನ್ನು ಮೇಲೆತ್ತಿದರೆ ನಿಂತುಹೋಗುತ್ತದೆ. ಪಾದರಸದ ಒಂದು ಮಿಲಿಮೀಟರ್ ಒತ್ತಡವು ಸುಮಾರು ಒಂದೂಕಾಲು ಸೆಂಟಿಮೀಟರ್ ಎತ್ತರದ ರಕ್ತಕ್ಕೆ ಸಮ. ಪಾದವನ್ನು 60 ಸೆಂಟಿಮೀಟರ್ ಎತ್ತಿದರೆ ಅಲ್ಲಿಗೆ ಮುಟ್ಟುವ ಒತ್ತಡದಲ್ಲಿ ಸುಮಾರು 45 ಮಿಲಿಮೀಟರ್ ಕಳೆದುಹೋಗುತ್ತದೆ. ಧಾರಾಳವಾಗಿದ್ದವರು ಅಷ್ಟನ್ನು ಕಳೆದುಕೊಂಡರೂ ಬಾಳಬಲ್ಲರು, ಬಡವರಿಗೆ ಉಳಿಯುವುದೇನು?

ಕೊನೆಗೆ ವೈದ್ಯರು ಹೆಬ್ಬೆರಳಿನ ತುದಿಯನ್ನು ಐದು ಎಣಿಸುವಷ್ಟು ಹೊತ್ತು ಒತ್ತಿ ಬಿಟ್ಟರು. ಬಿಳಿಯಾದ ಜಾಗ ಎರಡು ಮೂರು ಸೆಕೆಂಡುಗಳಲ್ಲಿ ಕೆಂಪಾಗಬೇಕು. ಈ ಪರೀಕ್ಷೆಯೊಂದನ್ನೇ ನಂಬಬಾರದೆಂದೂ, ಚಳಿಯಲ್ಲಿ ಎಲ್ಲರಿಗೂ ತಡವಾಗುತ್ತದೆಂದೂ ಅವರೇ ಎಚ್ಚರಿಸಿದರು.

ಈ ಬೆರಳ ಪರೀಕ್ಷೆಗಳಿಂದ ಸಂಶಯ ಹುಟ್ಟುತ್ತದೆ. ನಿಶ್ಚಯಕ್ಕೆ ಅಳತೆ ಬೇಕು. ಶಿವಮೊಗ್ಗೆಯಲ್ಲಿ ಆ ಅಳತೆ ನಡೆಯಿತು. ತೋಳಿಗೆ ಕಟ್ಟುವ ರಕ್ತದೊತ್ತಡದ ಪಟ್ಟಿಯನ್ನೇ ಕಣಕಾಲಿಗೂ ಕಟ್ಟಿ, ಡಾಪ್ಲರ್ ಎಂಬ ಕೈಯಳತೆಯ ಯಂತ್ರದಿಂದ ಪಾದದ ನಾಡಿಯ ಸದ್ದನ್ನು ಕೇಳುತ್ತ, ಎಷ್ಟು ಒತ್ತಡದಲ್ಲಿ ಸದ್ದು ಮರಳುತ್ತದೆಂದು ನೋಡುತ್ತಾರೆ. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆ 1ರಿಂದ 1.4ರವರೆಗೆ ಇದ್ದರೆ ಸರಿ, 0.9 ಅಥವಾ ಅದಕ್ಕೂ ಕಡಮೆಯಿದ್ದರೆ ಧಮನಿ ಕಿರಿದಾಗಿದೆಯೆಂದು ಅರ್ಥ, 0.4ಕ್ಕಿಂತ ಕೆಳಗಾದರೆ ಕಾಲಿಗೇ ಅಪಾಯ. 1.4ಕ್ಕಿಂತ ಮೇಲಾದರೂ ಸಂತೋಷಪಡುವಂತಿಲ್ಲ. ಬಹುದಿನದ ಮಧುಮೇಹಿಗಳಲ್ಲಿ ಧಮನಿಯ ಗೋಡೆ ಸುಣ್ಣಗಟ್ಟಿ ಗಡುಸಾಗಿ, ಪಟ್ಟಿಯ ಒತ್ತಡಕ್ಕೆ ಬಗ್ಗದೆ ಸುಳ್ಳು ಲೆಕ್ಕವನ್ನು ಹೇಳುತ್ತದೆ. ದೊಡ್ಡಪ್ಪನವರ ತೋಳಿನಲ್ಲಿ 150, ಎಡಕಣಕಾಲಿನಲ್ಲಿ 75 ಇದ್ದಿತು: ಸರಿಯಾಗಿ ಅರ್ಧ.

ಅದೇ ವರ್ಷ ಕೊಯ್ಲಿನ ಕಾಲದಲ್ಲಿ ನಡೆದ ಇನ್ನೊಂದು ಸಂಗತಿ ಇದಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಕಲಕಿತು. ಆ ತೋಟಕ್ಕೆ ಹಲವು ವರ್ಷಗಳಿಂದ ಸಾಗರದ ಕಡೆಯ ಒಬ್ಬ ಕೊನೆಗಾರನು ಬರುತ್ತಿದ್ದನು. ವಯಸ್ಸು ನಲವತ್ತರ ಒಳಗೆ. ಕಾಲಿಗೆ ತಳೆ ಹಾಕಿ ಮರವೇರಿದನೆಂದರೆ, ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುತ್ತ ಹೋಗುವ ನಿಪುಣ. ಆ ಸಲ ಆತ ಕುಂಟುತ್ತ ಬಂದನು. ಆತನ ನಂಟರಲ್ಲಿ ಇಬ್ಬರಿಗೆ ಹಂದಿಗೋಡು ಕಾಯಿಲೆಯಿದ್ದುದರಿಂದ ಕೇರಿಯವರು “ಇವನಿಗೂ ಬಂತು” ಎಂದುಬಿಟ್ಟಿದ್ದರು. ಆತನೂ ಹಾಗೆಯೇ ನಂಬಿ, ಆಸ್ಪತ್ರೆಗೆ ಹೋಗಿ ಫಲವಿಲ್ಲವೆಂದು ಸುಮ್ಮನಾಗಿದ್ದನು. ಮಗಳ ಮದುವೆಯ ಮಾತುಕತೆಯೂ ಆ ಹೆಸರಿನ ಭಯದಿಂದಲೇ ನಿಂತುಹೋಗಿತ್ತು.

ವೈದ್ಯರು ಆತನನ್ನು ಅಂಗಳದ ಚಪ್ಪರದಲ್ಲಿ ಮಲಗಿಸಿ, ಸೊಂಟದ ಕೀಲನ್ನು ಮಡಿಸಿ ತಿರುಗಿಸಿ ನೋಡಿದರು. ಅದು ಸಲೀಸಾಗಿ ಆಡಿತು. ನೋವು ಸೊಂಟದಲ್ಲಲ್ಲ, ಅಂಗಾಲಿನ ಕಮಾನಿನಲ್ಲಿ. ಕಿರುಬೆರಳಿನ ಮೇಲೆ ಮಳೆಗಾಲದಲ್ಲಿ ಆದ ಗಾಯ ದೀಪಾವಳಿ ಕಳೆದರೂ ಮಾಯ್ದಿರಲಿಲ್ಲ. “ರಾತ್ರಿ ಹೇಗಿರುತ್ತದೆ?” ಎಂದು ಕೇಳಿದಾಗ ಆತನು, “ಮಲಗೋಕೆ ಆಗಲ್ಲ ಅಯ್ಯಾ. ಜಗಲಿ ಮೇಲೆ ಕುಂತು ಕಾಲು ಇಳಿಬಿಟ್ಟರೆ ಕಣ್ಣು ಮುಚ್ಚತೀನಿ” ಎಂದನು. ಪಾದವನ್ನು ಎತ್ತಿದ ಅರೆಗಳಿಗೆಯಲ್ಲಿ ಅಂಗಾಲು ಸುಣ್ಣ ಬಳಿದಂತಾಯಿತು. ಇಳಿಬಿಟ್ಟಾಗ ಮೆಲ್ಲಮೆಲ್ಲನೆ ಕೆಂಡದ ಬಣ್ಣಕ್ಕೆ ತಿರುಗಿತು. ಪಾದದ ನಾಡಿ ಎರಡು ಕಾಲಿನಲ್ಲಿಯೂ ಇಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಆತ ಬೀಡಿ ಸೇದುತ್ತಿದ್ದನು.

ಇದಕ್ಕೂ ಬರ್ಗರನ ಹೆಸರೇ ಇದೆ. ಎಳೆಯ ವಯಸ್ಸಿನ ತಂಬಾಕು ವ್ಯಸನಿಗಳಲ್ಲಿ ಕೈಕಾಲುಗಳ ನಾಳಗಳು ಊದಿಕೊಂಡು, ಒಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುವ ಈ ರೋಗವನ್ನು ಆತನು 1908ರಲ್ಲಿ, ಕತ್ತರಿಸಿದ ಕಾಲುಗಳನ್ನು ಪರೀಕ್ಷಿಸಿ ವಿವರವಾಗಿ ಬರೆದನು. ಬೀಡಿ ಸೇದುವ ನಮ್ಮ ದೇಶದ ಬಡವರಲ್ಲಿ ಇದು ಇಂದಿಗೂ ಕಾಣುತ್ತದೆ. ಇದಕ್ಕೆ ಇರುವ ದೊಡ್ಡ ಔಷಧವೆಂದರೆ ತಂಬಾಕನ್ನು ಪೂರ್ತಿಯಾಗಿ ಬಿಡುವುದು. ಬಿಟ್ಟವರಲ್ಲಿ, ಕಾಲು ಆಗಲೇ ಕೊಳೆತಿರದಿದ್ದರೆ, ಕಾಲನ್ನು ತೆಗೆಯಬೇಕಾಗುವುದು ಬಹು ವಿರಳ; ದಿನಕ್ಕೆ ಒಂದೆರಡು ಬೀಡಿಯನ್ನು ಉಳಿಸಿಕೊಂಡವರಿಗೆ ಆ ರಕ್ಷೆಯಿಲ್ಲ. ಕೊನೆಗಾರನನ್ನು ಮರುದಿನವೇ ಜಿಲ್ಲೆಯ ಆಸ್ಪತ್ರೆಗೆ ಕಳುಹಿಸಲಾಯಿತು. ಎರಡು ಬೆರಳುಗಳು ಹೋದವು, ಪಾದ ಉಳಿಯಿತು. ಆತ ಬೀಡಿಯನ್ನು ಬಿಟ್ಟನು. ಮರವೇರುವ ಕೆಲಸ ಮತ್ತೆ ಕೂಡಿಬರಲಿಲ್ಲ. ಈಗ ಅಡಿಕೆ ಬೇಯಿಸುವ ಒಲೆಯ ಉಸ್ತುವಾರಿ ಆತನದು. ತನಗೆ ಬಂದುದು ಮಕ್ಕಳಿಗೆ ಇಳಿಯುವ ಕಾಯಿಲೆಯಲ್ಲವೆಂದು ವೈದ್ಯರು ಹೇಳಿದಾಗ ಆತನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆಸ್ಪತ್ರೆಯಲ್ಲಿ ಬೆರಳು ತೆಗೆದ ದಿನ ಕೂಡ ಆಕೆ ಅತ್ತಿರಲಿಲ್ಲವಂತೆ.

ಈ ಪರೀಕ್ಷೆಗಳ ಮಿತಿಯನ್ನು ಹೇಳದಿದ್ದರೆ ಓದುಗರಿಗೆ ಅನ್ಯಾಯ ಮಾಡಿದಂತಾದೀತು. ಪಾದದ ಮೇಲಿನ ನಾಡಿ ಕೆಲವು ಆರೋಗ್ಯವಂತರಲ್ಲಿಯೂ ಹುಟ್ಟಿನಿಂದಲೇ ಸಿಗುವುದಿಲ್ಲ. ಹರಡಿನ ಹಿಂದಿನ ನಾಡಿ ಹಾಗೆ ತಪ್ಪುವುದು ಅಪರೂಪ. ಆದುದರಿಂದ ಒಂದು ನಾಡಿ ಸಿಗಲಿಲ್ಲವೆಂದು ಹೆದರಬೇಕಾಗಿಲ್ಲ. ಎರಡೂ ಸಿಗದಿದ್ದರೆ ತಡಮಾಡಕೂಡದು. ಕಾಲು ಎತ್ತುವ ಪರೀಕ್ಷೆ ಮುಂದುವರಿದ ರೋಗವನ್ನು ತೋರಿಸುತ್ತದೆ, ಸೌಮ್ಯವಾದುದನ್ನು ಬಿಟ್ಟುಬಿಡಬಹುದು. ಮುಖ್ಯವಾಗಿ, ಧಮನಿ ಕಿರಿದಾದವರಲ್ಲಿ ಅನೇಕರಿಗೆ ನೋವೇ ಇರುವುದಿಲ್ಲ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗಂತೂ ಮುಳ್ಳು ಚುಚ್ಚಿದುದೇ ತಿಳಿಯದಾಗ ನೋವು ತಿಳಿಯುವುದೆಂತು? ಅಂಥವರ ಪಾದವನ್ನು ಮನೆಯವರು ದಿನವೂ ನೋಡಬೇಕು.

ಕಾಲಿನ ಧಮನಿಯ ರೋಗವನ್ನು ಕಾಲಿನದು ಮಾತ್ರವೆಂದು ಎಣಿಸುವುದು ಸರಿಯಲ್ಲ. ಕೊಬ್ಬು ಕಟ್ಟಿಕೊಂಡು ಕಾಲಿನ ನಾಳ ಕಿರಿದಾಗಿದೆಯೆಂದರೆ ಹೃದಯದ ಮತ್ತು ಮಿದುಳಿನ ನಾಳಗಳೂ ಅದೇ ಹಾದಿಯಲ್ಲಿರುವುದು ಬಹುಮಟ್ಟಿಗೆ ಸಂಭವ. ಇಂಥವರಲ್ಲಿ ಕಾಲನ್ನು ಕಳೆದುಕೊಳ್ಳುವವರಿಗಿಂತ ಹೃದಯಾಘಾತ, ಪಾರ್ಶ್ವವಾಯುಗಳಿಂದ ಪ್ರಾಣವನ್ನು ಕಳೆದುಕೊಳ್ಳುವವರೇ ಹೆಚ್ಚು. ಆದಕಾರಣ ಹಲಸಿನ ಮರದ ಬುಡದಲ್ಲಿ ನಿಲ್ಲುವ ಹಿರಿಯರ ಎದೆಯ ಪರೀಕ್ಷೆಯೂ, ಸಕ್ಕರೆ, ರಕ್ತದೊತ್ತಡ, ಕೊಬ್ಬಿನ ಅಂಶಗಳ ಪರೀಕ್ಷೆಯೂ ಆಗತಕ್ಕದ್ದು.

ಇನ್ನು ಮನೆಯಲ್ಲಿ ಮಾಡಬಾರದ ಕೆಲವು ಉಪಚಾರಗಳುಂಟು. ತಣ್ಣಗಾದ ಕಾಲನ್ನು ಬಚ್ಚಲೊಲೆಯ ಮುಂದೆ ಚಾಚಿ ಕಾಯಿಸುವುದು, ಬಿಸಿನೀರಿನ ಚೀಲವನ್ನಿಡುವುದು, ಕುದಿನೀರಿನಲ್ಲಿ ಅದ್ದುವುದು ನಮ್ಮಲ್ಲಿ ರೂಢಿ. ರಕ್ತ ಸಾಲದ ಚರ್ಮ ಅಲ್ಪ ಶಾಖಕ್ಕೇ ಬೇಯುತ್ತದೆ, ಸುಟ್ಟ ಗಾಯ ಮಾಯುವುದಿಲ್ಲ. ಬೆಚ್ಚಗಿಡಲು ಸಡಿಲವಾದ ಉಣ್ಣೆಯ ಕಾಲುಚೀಲ ಸಾಕು. ಊತವೆಂದು ಬಿಗಿಯಾದ ಪಟ್ಟಿಯನ್ನು ಸುತ್ತುವುದು, ಬಿಗಿ ಕಾಲುಚೀಲ ಹಾಕುವುದು ಸಿರೆಯ ದೋಷಕ್ಕೆ ಹಿತ, ಧಮನಿಯ ದೋಷಕ್ಕೆ ವಿಷ. ನಾಡಿಯನ್ನು ನೋಡದೆ ಕಟ್ಟಬಾರದು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಉಗುರಿನ ಮೂಲೆಯನ್ನು ಆಳಕ್ಕೆ ಕತ್ತರಿಸುವುದು, ಗಾಯಕ್ಕೆ ಸೊಪ್ಪಿನ ರಸವನ್ನು ಹಿಂಡಿ ವಾರಗಟ್ಟಲೆ ಕಾಯುವುದು ಇವೂ ಕೂಡದು. ಮಳೆಗಾಲದಲ್ಲಿ ತೋಟದಿಂದ ಬಂದವರು ಬೆರಳುಸಂದಿಗಳನ್ನು ಒರಸಿ ಒಣಗಿಸಬೇಕು. ಕವಳದೊಡನೆ ಹಾಕುವ ಹೊಗೆಸೊಪ್ಪನ್ನು ಬೀಡಿಯ ತಮ್ಮನೆಂದೇ ತಿಳಿಯತಕ್ಕದ್ದು.

ಒಂದು ಸಂದರ್ಭದಲ್ಲಂತೂ ಗಳಿಗೆಯನ್ನೂ ಕಳೆಯುವಂತಿಲ್ಲ. ಚೆನ್ನಾಗಿದ್ದ ಕಾಲು ಒಮ್ಮಿಂದೊಮ್ಮೆಗೆ ನೋವೆದ್ದು, ಬಿಳಿಚಿ, ತಣ್ಣಗಾಗಿ, ಜೋಮು ಹಿಡಿದು, ಬೆರಳಾಡಿಸಲು ಬಾರದಂತಾದರೆ, ಹೆಪ್ಪುಗಟ್ಟಿದ ರಕ್ತ ಧಮನಿಯನ್ನು ಮುಚ್ಚಿದೆಯೆಂದು ಅರ್ಥ. ಸುಮಾರು ಆರು ಗಂಟೆಗಳೊಳಗೆ ಹರಿವು ಮರಳದಿದ್ದರೆ ಮಾಂಸಖಂಡ ಸಾಯತೊಡಗುತ್ತದೆ. ಸಾಗರದಿಂದಾಗಲಿ ತೀರ್ಥಹಳ್ಳಿಯಿಂದಾಗಲಿ ಶಿವಮೊಗ್ಗೆಗೆ ಅರುವತ್ತು ಎಪ್ಪತ್ತು ಕಿಲೋಮೀಟರು, ಅಲ್ಲಿಂದ ಮುಂದಕ್ಕೆ ಕಳುಹಿಸಿದರೆ ಬೆಂಗಳೂರು, ಘಟ್ಟವಿಳಿದರೆ ಮಣಿಪಾಲ. ಕಾಡಿನೊಳಗಿನ ಒಂಟಿಮನೆಯವರಿಗೆ ಆ ಆರು ಗಂಟೆಯಲ್ಲಿ ಎಣ್ಣೆ ತಿಕ್ಕಲು ಕೊಡುವಷ್ಟು ಬಿಡುವಿಲ್ಲ.

ಇಷ್ಟೆಲ್ಲ ಹೆದರಿಕೆಯ ನಡುವೆ ಸಮಾಧಾನದ ಮಾತೊಂದಿದೆ. ದೊಡ್ಡಪ್ಪನವರಿಗೆ ವೈದ್ಯರು ಮಾತ್ರೆಗಳೊಡನೆ ಬರೆದುಕೊಟ್ಟ ಮುಖ್ಯ ಔಷಧ ನಡಿಗೆಯೇ ಆಗಿತ್ತು. ನೋವು ಬಲವಾಗುವವರೆಗೆ ನಡೆಯುವುದು, ನಿಲ್ಲುವುದು, ನೋವು ಹೋದಮೇಲೆ ಮತ್ತೆ ನಡೆಯುವುದು. ಹೀಗೆ ದಿನಕ್ಕೆ ಅರ್ಧ ಗಂಟೆಗೆ ಮೇಲ್ಪಟ್ಟು, ವಾರಕ್ಕೆ ಮೂರು ದಿನವಾದರೂ, ಮೂರು ತಿಂಗಳಿಗೆ ಕಡಮೆಯಿಲ್ಲದಂತೆ. ಹುಣ್ಣಿಲ್ಲದ, ರಾತ್ರಿನೋವಿಲ್ಲದ ಕಾಲಿಗೆ ವೈದ್ಯರ ಅನುಮತಿಯಿಂದ ಇದು ಬಹಳ ಗುಣವನ್ನು ಕೊಡುತ್ತದೆ. ನೋವಿನ ಕಾಲಿಗೆ ವಿಶ್ರಾಂತಿ ಕೊಡಬೇಕೆಂಬ ನಮ್ಮ ಸಹಜವಾದ ಮರುಕ ಇಲ್ಲಿ ಕೆಲಸಕ್ಕೆ ಬಾರದು. ಅವರು ಹೊಗೆಸೊಪ್ಪನ್ನು ಬಿಟ್ಟರು. ಬಿಡುವಾಗ ಮನೆಯವರೆಲ್ಲರ ಮೇಲೆ ಒಂದು ತಿಂಗಳು ಸಿಡುಕಿದರು. ಮುಂದಿನ ಮಳೆಗಾಲದ ಹೊತ್ತಿಗೆ ಹಲಸಿನ ಮರವನ್ನು ನಿಲ್ಲದೆ ದಾಟಿ ದಣಪೆಯವರೆಗೆ ಬರತೊಡಗಿದರು. ಅಲ್ಲಿ ಈಗಲೂ ನಿಲ್ಲುತ್ತಾರೆ.

ಹಿರಿಯರ ಪಾದವನ್ನು ಮುಟ್ಟಿ ನಮಸ್ಕರಿಸುವುದು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವ ಸಂಪ್ರದಾಯ. ಬಂದ ನಂಟರಿಗೆ ಕಾಲು ತೊಳೆಯಲು ನೀರು ಕೊಡುವುದೂ, ದೀಪಾವಳಿಯ ಎಣ್ಣೆಸ್ನಾನದಲ್ಲಿ ಹಿರಿಯರ ಕಾಲಿಗೆ ಎಣ್ಣೆ ಹಚ್ಚುವುದೂ ಹಾಗೆಯೇ. ಓದುಗ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ: ಆ ಸಮಯದಲ್ಲಿ ಕೈಯನ್ನು ಬೇಗನೆ ಹಿಂದಕ್ಕೆ ತೆಗೆದುಕೊಳ್ಳಬೇಡಿರಿ. ಎರಡು ಪಾದಗಳೂ ಒಂದೇ ಸಮನೆ ಬೆಚ್ಚಗಿವೆಯೆ, ಬೆರಳುಸಂದಿಯಲ್ಲಿ ಗಾಯವಿದೆಯೆ, ಹರಡಿನ ಹಿಂದೆ ನಾಡಿ ಮಿಡಿಯುತ್ತದೆಯೆ ಎಂದು ನೋಡಿರಿ. ತೋಟಕ್ಕೆ ಬರುವ ಆಳಿನ ಕಾಲನ್ನೂ ಅದೇ ರೀತಿ ನೋಡಿರಿ. ಅವರ ಕಾಲನ್ನು ಮುಟ್ಟಿ ನೋಡುವವರು ಇನ್ನೂ ಕಡಮೆ. ಸಂಶಯ ಬಂದರೆ ಹೆಸರಿಡುವ ಕೆಲಸವನ್ನು ವೈದ್ಯರಿಗೆ ಬಿಟ್ಟು, ಮೊದಲ ಬಸ್ಸಿಗೆ ಅವರನ್ನು ಹತ್ತಿಸಿರಿ.